ಕಂಬಳಿಯ ಮೇಲೆ ಕೂತವರು

ಶಿರಾ ಹತ್ತಿರದ ಹುಲಿಕುಂಟೆ ಕಡೆಗೆ ಬಂದಿಳಿದ ದಿನ ನಾನು ಮೊದಲು ಕಂಡ ಮನುಷ್ಯ ಸೊಂಟದವರೆಗೆ ನೆಲದಲ್ಲಿ ಹೂತುಹೋಗಿದ್ದ. ದೇವರಾಣೆ, ಸುಳ್ಳಲ್ಲ. ಬಿಸಿಲಿನಿಂದ ಉಣ್ಣೆ ಕೇಂದ್ರದ ಕತ್ತಲೆಯ ಉದ್ದನೆಯ ಕೊಠಡಿಯೊಳಗೆ ಕಾಲಿಟ್ಟೆ. ಕಣ್ಣು ಹೊಂದಿಕೊಳ್ಳುವ ಮೊದಲೇ ನೆಲದ ಮಟ್ಟದಿಂದ ಒಂದು ತಲೆ, ಎರಡು ತೋಳು ನನ್ನ ಕಡೆ ತಿರುಗಿದವು. ‘ಬಾರಮ್ಮ, ಚಪ್ಲಿ ಆಚೆ ಬುಟ್ಟು ಬಾ,’ ಅಂತು ಆ ತಲೆ. ನನ್ನ ಕೈಯಲ್ಲಿದ್ದ ಟ್ರಂಕು ಅಲ್ಲೇ ಬಿತ್ತು.

ಆಮೇಲೆ ತಿಳಿಯಿತು, ಅದು ಗುಂಡಿಮಗ್ಗ. ನೇಕಾರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಾನೆ, ಕಂಬಳಿ ನೆಲದ ಮಟ್ಟದಲ್ಲಿ ಬೆಳೆಯುತ್ತಾ ಹೋಗುತ್ತದೆ. ಆ ತಲೆಯ ಹೆಸರು ಕರಿಯಣ್ಣ. ಅವನ ಮನೆಯ ಅರ್ಧ ಭಾಗವೇ ನನಗೆ ಬಾಡಿಗೆಗೆ ಸಿಕ್ಕಿತು.

ನಮ್ಮ ಕಡೆಯವರೇ, ಕುಂದಾಪುರದ ಹುಡುಗಿಗೆ ಉಣ್ಣೆ ಕೇಂದ್ರದಲ್ಲಿ ಏನು ಕೆಲಸ ಅಂತ ನೀವು ಆಗ ನಕ್ಕಿದ್ದಿರಿ. ಗುಮಾಸ್ತೆಯ ಕೆಲಸ ಮಾರಾಯ್ರೆ! ಎಲ್ಲಿ ಹಾಕಿದರೆ ಅಲ್ಲಿಗೆ ಹೋಗಬೇಕು. ಅದು ಎಪ್ಪತ್ತರ ದಶಕದ ನಡುಭಾಗ, ತುರ್ತುಪರಿಸ್ಥಿತಿಯ ಕಾಲ. ಬೇಡ ಅನ್ನಲು ಯಾರಿಗೆ ಧೈರ್ಯ?

ಅಲ್ಲಿ ಎಲ್ಲವೂ ತಿರುವುಮುರುವು. ನಮ್ಮಲ್ಲಿ ಗಂಜಿ ಹೊಟ್ಟೆಗೆ. ಅಲ್ಲಿ ಹುಣಸೆಬೀಜ ಅರೆದು ಕಾಯಿಸಿದ ಗಂಜಿ ನೂಲಿಗೆ. ಅದರ ಹುಳಿನಾತ, ಉಣ್ಣೆಯ ಕಮಟು ಎರಡೂ ಸೀರೆಗೆ ಹತ್ತಿಕೊಂಡರೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಮಳೆ ಹಂಚಿನ ಮೇಲೆ ಸದ್ದು ಮಾಡುತ್ತದೆ, ಆ ಸದ್ದಿಗೇ ನಿದ್ದೆ. ಅಲ್ಲಿನ ಮನೆಗೆ ಕಲ್ಲುಚಪ್ಪಡಿಯ ಮಾಡು. ಮಳೆ ಬಂದರೂ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ, ಬರುವುದೂ ಅಪರೂಪ. ನಾನು ಬಾವಿಗೆ ಕೊಡ ಇಳಿಸಿದರೆ ಹಗ್ಗ ಮುಗಿಯಿತೇ ಹೊರತು ನೀರು ಮುಟ್ಟಲಿಲ್ಲ. ಕರಿಯಣ್ಣನ ಹೆಂಡತಿ ಈರಮ್ಮ ಬಿದ್ದು ಬಿದ್ದು ನಕ್ಕಳು. ‘ಸಮುದ್ರದಮ್ಮ, ಇದು ನಿಮ್ಮ ಸಮುದ್ರ ಅಲ್ಲ ಕಣಮ್ಮ, ಇನ್ನೊಂದು ಹಗ್ಗ ಕಟ್ಟು!’ ಅಂದಿನಿಂದ ಇಡೀ ಊರಿಗೆ ನಾನು ಸಮುದ್ರದಮ್ಮ.

ರಾಗಿಮುದ್ದೆ ಅಗಿದು ತಿಂದು ಮೊದಲ ವಾರ ಹಲ್ಲಿಗೆಲ್ಲಾ ಅಂಟಿಸಿಕೊಂಡೆ. ‘ಅಗೀಬ್ಯಾಡ, ನುಂಗು,’ ಎಂದು ಈರಮ್ಮ ತನ್ನ ಗಂಟಲು ಮುಟ್ಟಿ ತೋರಿಸಿದಳು. ನುಂಗಿದೆ. ಹುರುಳಿಸಾರಿನ ಜೊತೆ ಅದು ಜಾರಿ ಹೋದ ದಿನ ನನಗೆ ಸರ್ಕಾರ ಪದಕ ಕೊಡಬೇಕಿತ್ತು. ಆದರೆ ಅಮ್ಮ ಕಳಿಸಿದ ಒಣ ಸಿಗಡಿಯ ಚಟ್ನಿ ಡಬ್ಬಿ ತೆರೆದ ದಿನ ಇಡೀ ಬೀದಿ ಮೂಗು ಮುಚ್ಚಿತು. ಕೇಂದ್ರಕ್ಕೆ ಒಯ್ದರೆ ನೂಲುವ ಹೆಂಗಸರು ಎದ್ದು ಹೊರಗೆ ಹೋದರು. ಅಳು ಬಂತು. ಮೀನಿನ ವಾಸನೆಗೆ ಅಲ್ಲ, ನನ್ನ ಮನೆಗೇ ಮೂಗು ಮುಚ್ಚಿದಂತೆ ಅನ್ನಿಸಿತು.

ಆಗ ನಮ್ಮ ಸೂಪರಿಂಟೆಂಡೆಂಟ್ ಗಂಗಹನುಮಕ್ಕ ತಮ್ಮ ಬುತ್ತಿ ತಂದು ನನ್ನ ಎದುರು ಕೂತರು. ಒಂದು ಚೂರು ಚಟ್ನಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ‘ಉಪ್ಪು ಜಾಸ್ತಿ,’ ಅಂದರು. ಮತ್ತೆ ಕೈ ಹಾಕಿದರು.

ಗಂಗಹನುಮಕ್ಕನ ಬಗ್ಗೆ ಹೇಳಬೇಕೆಂದೇ ಇಷ್ಟೆಲ್ಲಾ ಬರೆಯುತ್ತಿದ್ದೇನೆ. ಕೊರಟಗೆರೆ ಕಡೆಯ ಹಳ್ಳಿಯವರು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ, ಆ ಕುರ್ಚಿಯವರೆಗೆ ಬಂದವರು. ಅವರ ತಂದೆ ಬೌದ್ಧರಾಗಿದ್ದರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿತ್ತು. ಕುಳ್ಳಗೆ, ದಪ್ಪಗೆ, ಬಾಯಿ ತುಂಬ ಎಲೆಅಡಿಕೆ. ಯಾವುದಕ್ಕೂ ಅವಸರವಿಲ್ಲ. ಕೇಂದ್ರದ ನೇಕಾರರೆಲ್ಲ ಕುರಿ ಕಾಯುವ ಮನೆತನದವರು. ಅವರು ಗಂಗಹನುಮಕ್ಕನ ಮಾತಿಗೆ ಎದ್ದು ನಿಲ್ಲುತ್ತಿದ್ದರು, ಆದರೆ ಅವರ ಮೇಜಿನ ಮೇಲಿದ್ದ ಹೂಜಿಯ ನೀರು ಮಾತ್ರ ಯಾರೂ ಕುಡಿಯುತ್ತಿರಲಿಲ್ಲ. ಗಂಗಹನುಮಕ್ಕ ಮಾತ್ರ ಅದನ್ನು ದಿನಾ ತುಂಬಿಸಿ ಇಡುತ್ತಿದ್ದರು. ನಮ್ಮ ಕಡೆ ಇಂಥದ್ದಿಲ್ಲ ಅಂತ ಜಂಬ ಕೊಚ್ಚಲು ನನಗೆ ಬಾಯಿಲ್ಲ. ನಮ್ಮ ಬಾವಿಕಟ್ಟೆ ನಿಮಗೂ ನೆನಪಿದೆ.

ಬೆಳಿಗ್ಗೆ ಬಂದವರೇ ಅವರು ಕುರ್ಚಿಗೆ ಹೋಗುತ್ತಿರಲಿಲ್ಲ. ಒಂದೊಂದು ಗುಂಡಿಯ ಅಂಚಿಗೂ ಹೋಗಿ, ನೆಲದ ಮೇಲೆ ಕೂತು, ಕಾಲು ಮಡಿಸಿಕೊಂಡು ಮಾತಾಡುತ್ತಿದ್ದರು. ಯಾರ ಮಂಡಿ ನೋವು, ಯಾರ ಮನೆ ಬಾಣಂತನ, ಯಾವ ನೂಲು ಕಿತ್ತುಹೋಗುತ್ತಿದೆ, ಎಲ್ಲ. ‘ಸೀರೆಯೆಲ್ಲಾ ಮಣ್ಣಾಗ್ತದಲ್ಲ ಅಕ್ಕ, ನಿಂತೇ ಕೇಳಬಾರದೇ?’ ಅಂತ ಒಮ್ಮೆ ಕೇಳಿದೆ.

‘ಗುಂಡೀಲಿ ಕೂತೋರ ಹತ್ರ ನಿಂತು ಮಾತಾಡಿದ್ರೆ ಅವ್ರಿಗೆ ನನ್ನ ಕಾಲು ಮಾತ್ರ ಕಾಣ್ತದೆ ಕಣಮ್ಮ,’ ಅಂದರು.

ನನಗೆ ನಗು ಬಂತು. ನಾನು ಬೆಳೆದದ್ದು ಬೇರೆ ಶಾಲೆಯಲ್ಲಿ. ನನ್ನ ಅಪ್ಪಯ್ಯ ಹಂಚಿನ ಕಾರ್ಖಾನೆಯ ಮೇಸ್ತ್ರಿ. ಹಂಚು ಸುಡುವ ಆವಿಗೆಯ ಎದುರು ಒಂದು ಎತ್ತರದ ಹಲಗೆ ಹಾಕಿಸಿಕೊಂಡು ಅದರ ಮೇಲೆ ನಿಂತೇ ಕೆಲಸ ಮಾಡಿಸಿದವರು. ‘ಮೇಸ್ತ್ರಿ ನಕ್ಕರೆ ಹಂಚು ಒಡೆಯುತ್ತದೆ’ ಎಂಬುದು ಅವರ ಗಾದೆ. ಅವರ ನೆರಳು ಕಂಡರೆ ಆಳುಗಳ ಮಾತು ನಿಲ್ಲುತ್ತಿತ್ತು. ಅದು ನಮ್ಮ ಮನೆಗೆ ಹೆಮ್ಮೆ. ಹಾಗಾಗಿ ಈ ನೆಲದ ಮೇಲೆ ಕೂರುವ ಅಧಿಕಾರಿಣಿಯನ್ನು ಕಂಡು, ಪಾಪ, ಇವರಿಗೆ ಗತ್ತು ಸಾಲದು ಅಂತಲೇ ಅಂದುಕೊಂಡಿದ್ದೆ.

ಹೀಗಿರುವಾಗ ಬೆಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು.

ಅಂದು ಸೋಮವಾರ. ಹೊಸ ಮಗ್ಗವೊಂದಕ್ಕೆ ನೂಲು ಏರಿಸುವ ದಿನ. ಅಂಥ ದಿನ ಜಗಲಿಯಲ್ಲಿ ಕರಿಕಂಬಳಿ ಹಾಸಿ, ಭಂಡಾರದ ಅರಿಸಿನ ಚೆಲ್ಲಿ, ಕೈ ಮುಗಿದು ಕೆಲಸ ಸುರು ಮಾಡುತ್ತಾರೆ. ನಮಗೆ ಕಂಬಳಿಯೆಂದರೆ ಮಳೆಗೆ ತಲೆಯ ಮೇಲೆ ಹೊದ್ದುಕೊಳ್ಳುವ ಒರಟು ಬಟ್ಟೆ. ಅಲ್ಲಿ ಹಾಗಲ್ಲ. ಹೀಗೆ ಹಾಸಿದ ಕಂಬಳಿ ಗದ್ದಿಗೆ, ದೇವರ ಪೀಠ. ನ್ಯಾಯ ಮಾಡುವಾಗಲೂ ಅದನ್ನೇ ಹಾಸುತ್ತಾರೆ. ಅದರ ಮೇಲೆ ಕೂತವರು ಸುಳ್ಳು ಆಡುವಂತಿಲ್ಲ.

ಸಾಹೇಬರಿಗೆ ಇದೆಲ್ಲ ಯಾರು ಹೇಳಬೇಕು? ತಮಗೆಂದೇ ರತ್ನಗಂಬಳಿ ಹಾಸಿದ್ದಾರೆ ಅಂದುಕೊಂಡರು. ಗಂಗಹನುಮಕ್ಕ ಅವರ ಪಕ್ಕದಲ್ಲೇ ನಡೆಯುತ್ತಿದ್ದರು. ಅವರ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಸಾಹೇಬರು ಬೂಟುಗಾಲಲ್ಲಿ ಗದ್ದಿಗೆಯ ನಡುವೆ ನಿಂತು, ಗೋಡೆಗೆ ತೂಗುಹಾಕಿದ್ದ ಕಂಬಳಿಗಳನ್ನು ನೋಡತೊಡಗಿದರು. ಕರಿಯಣ್ಣ ಗುಂಡಿಯಿಂದ ಎದ್ದು, ಕುಂಟುತ್ತಾ ಓಡಿ ಬಂದು, ಕಂಬಳಿಯ ಅಂಚು ಹಿಡಿದು ಎಳೆದುಬಿಟ್ಟ. ಸಾಹೇಬರು ಎರಡೂ ಅಂಗೈ ಊರಿ ಕಲ್ಲಿನ ಮೇಲೆ ಬಿದ್ದರು. ನೂಲುವವರಲ್ಲಿ ಯಾವಳೋ ಒಬ್ಬಳು ಕಿಸಕ್ಕನೆ ನಕ್ಕಳು.

ಎದ್ದವರ ಮುಖ ಕೆಂಡವಾಗಿತ್ತು. ‘ಇವನನ್ನು ಕೆಲಸದಿಂದ ತೆಗೆಯಿರಿ. ನಾಳೆ ಸಂಜೆಯೊಳಗೆ ಆದೇಶ ನನ್ನ ಕೈಯಲ್ಲಿರಬೇಕು. ಇಲ್ಲವಾದರೆ ಈ ಕೇಂದ್ರಕ್ಕೇ ಬೀಗ,’ ಎಂದು ಜೀಪು ಹತ್ತಿ ಶಿರಾದ ಪ್ರವಾಸಿ ಬಂಗಲೆಗೆ ಹೋದರು. ಆ ಕಾಲದಲ್ಲಿ ಸಾಹೇಬರ ಬಾಯಲ್ಲಿ ಬಂದದ್ದೇ ಕಾನೂನು.

ಇತ್ತ ನೇಕಾರರೆಲ್ಲ ಗುಂಡಿ ಬಿಟ್ಟು ಮೇಲೆ ಬಂದರು. ಅವರ ಹಿರಿಯ ಸಣ್ಣೀರಪ್ಪ ಹೇಳಿದ: ‘ಕರಿಯಣ್ಣ ಇಲ್ದ ಮ್ಯಾಕೆ ನಾವೂ ಇಳಿಯಾಕಿಲ್ಲ ಕಣಮ್ಮ.’ ಕರಿಯಣ್ಣ ಗದ್ದಿಗೆಯ ಕಂಬಳಿಯನ್ನು ಕೊಡವಿ ಮಡಿಸಿದ. ಅವನ ಕುರಿಗಳು ಎಂದೋ ಹೋಗಿದ್ದವು. ಗುಂಡಿಯಲ್ಲಿ ಕೂತು ಕೂತು ಮಂಡಿ ಕೆಟ್ಟು, ಮಂದೆಯ ಹಿಂದೆ ನಡೆಯುವ ಹಾಗೂ ಇರಲಿಲ್ಲ. ಈ ಮಗ್ಗ ಹೋದರೆ ಅವನಿಗೆ ಇನ್ನೊಂದಿಲ್ಲ.

ನಾನು ನನ್ನ ಬುದ್ಧಿ ಹೇಳಿದೆ: ‘ಅಕ್ಕ, ಆದೇಶ ಬರೆದುಬಿಡಿ. ಒಬ್ಬನಿಗಾಗಿ ಎಲ್ಲರ ಅನ್ನ ಹೋಗುವುದು ಬೇಡ.’ ಮೇಸ್ತ್ರಿಯ ಮಗಳು ಇನ್ನೇನು ಹೇಳಿಯಾಳು!

ಅವರು ಎಲೆಅಡಿಕೆ ಉಗಿದು ಬಂದರು. ‘ಬಿದ್ದೋನು ಕರಿಯಣ್ಣ ಅಲ್ಲ ಕಣಮ್ಮ, ಸಾಹೇಬ್ರು. ಬಿದ್ದೋರನ್ನ ಮೊದಲು ನೋಡ್ಬೇಕು. ಅವಮಾನ ಆದೋರಿಗೆ ಬುದ್ಧಿ ಹೇಳಬಾರ್ದು, ಮೊದಲು ಕೂರಿಸ್ಬೇಕು.’

ಸಂಜೆ ಅವರು ನಮ್ಮ ಮನೆಯ ಜಗಲಿಗೆ ಬಂದರು. ಒಳಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಈರಮ್ಮ ನೀರನ್ನು ಎತ್ತರದಿಂದ ಅವರ ಬೊಗಸೆಗೆ ಹೊಯ್ದಳು. ಕರಿಯಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ‘ಮಧ್ಯಾಹ್ನದಿಂದ ಉಂಡಿಲ್ಲ ಕಣಕ್ಕ,’ ಅಂದಳು ಈರಮ್ಮ. ಗಂಗಹನುಮಕ್ಕ ನೆಲದ ಮೇಲೆ ಕೂತರು. ಕರಿಯಣ್ಣ ಗೋಡೆಯ ಕಡೆಗೇ ಹೇಳಿದ. ‘ಆವಯ್ಯ ಅಂಗೆ ಬಿದ್ಬುಡ್ತಾನೆ ಅಂತ ನಾನು ಅಂದ್ಕಳಿಲ್ಲ. ಕೈಯೆಲ್ಲ ತರಚಿತ್ತು. ಒಬ್ಬ ದೊಡ್ಡ ಮನುಷ್ಯ, ಅಷ್ಟು ಜನದ ಮುಂದೆ.’

‘ಉಣ್ಣು ಹೋಗು,’ ಅಂದರು ಅವರು. ಅಷ್ಟೇ ಅಂದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಶಿರಾಕ್ಕೆ ಹೋದರು. ದಾರಿಯುದ್ದಕ್ಕೂ ಅವರು ಎಲೆಅಡಿಕೆ ಹಾಕಲಿಲ್ಲ. ಕೆಲಸ ಹೋಗುವುದಿದ್ದರೆ ಮೊದಲು ಅವರದೇ ಹೋಗುತ್ತಿತ್ತು. ಮಸೀದಿಯ ಬಳಿ ಒಂದು ಅಂಗಡಿಯಲ್ಲಿ ಹತ್ತಿ ಮತ್ತು ಟಿಂಚರು ಕೊಂಡರು.

ಸಾಹೇಬರು ವರಾಂಡದಲ್ಲಿ ಕೂತಿದ್ದರು. ‘ಆದೇಶ ತಂದಿರಾ?’

‘ಮೊದಲು ಕೈ ತೋರಿಸಿ ಸಾರ್.’

ಅವರು ತಬ್ಬಿಬ್ಬಾಗಿ ಕೈ ಚಾಚಿದರು. ತರಚು ಗಾಯದಲ್ಲಿ ಕಲ್ಲಿನ ಪುಡಿ ಹಾಗೇ ಇತ್ತು. ರಾತ್ರಿಯಿಡೀ ಅವರಿಗೆ ಅದನ್ನು ತೊಳೆದುಕೊಡುವವರು ಯಾರೂ ಇರಲಿಲ್ಲ. ಗಂಗಹನುಮಕ್ಕ ಹತ್ತಿಯಿಂದ ಒರೆಸುತ್ತಾ ಹೇಳಿದರು: ‘ತಪ್ಪು ನಂದು ಸಾರ್. ನಿಮ್ಮ ಪಕ್ಕದಲ್ಲೇ ಇದ್ದೆ. ಬೂಟು ಬಿಡಿ ಅನ್ನೋದು ಬಾಯಿಗೆ ಬಂದಿತ್ತು. ಸಾಹೇಬ್ರಿಗೆ ಹೆಂಗೆ ಹೇಳೋದು ಅಂತ ಹೆದರ್ಕಂಡೆ. ನನ್ನ ಹೆದರಿಕೇಲಿ ನೀವು ಬಿದ್ರಿ.’

ಸಾಹೇಬರು ಇನ್ನೊಂದು ಕೈಯನ್ನೂ ಚಾಚಿದರು. ಆಮೇಲೆ ಮಕ್ಕಳ ಹಾಗೆ, ‘ಆ ಹೆಂಗಸು ನಕ್ಕಳು,’ ಅಂದರು.

‘ನಗಬಾರ್ದಾಗಿತ್ತು ಸಾರ್.’

‘ಆ ಮನುಷ್ಯ ಏನಂತಾನೆ?’

‘ಉಂಡಿರಲಿಲ್ಲ. ನಿಮ್ಮ ಕೈ ತರಚಿದ್ದನ್ನೇ ಹೇಳ್ತಾ ಇದ್ದ.’

ಒಂದು ಸಲವೂ ಅವನನ್ನು ಉಳಿಸಿ ಅಂತ ಗಂಗಹನುಮಕ್ಕ ಬೇಡಲಿಲ್ಲ. ನಾನಾಗಿದ್ದರೆ ಕಾಲು ಹಿಡಿಯುತ್ತಿದ್ದೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಹತ್ತಿಯನ್ನು ಮಡಿಸಿ ಎದ್ದು ಇಷ್ಟೇ ಅಂದರು: ‘ಮಧ್ಯಾಹ್ನ ಕಂಬಳಿ ಹಾಸಿಸ್ತೀನಿ. ಅದರ ಮೇಲೆ ಕೂತೋರು ದಿಟವನ್ನೇ ಹೇಳ್ಬೇಕು, ದೊಡ್ಡೋರು ಚಿಕ್ಕೋರು ಇಲ್ಲ. ನೀವು ಬನ್ನಿ. ಎಲ್ಲ ಕೇಳಿದ ಮೇಲೂ ತೆಗೀರಿ ಅಂತಂದ್ರೆ, ಅಲ್ಲೇ ಕೂತು ಆದೇಶ ಬರೀತೀನಿ.’

ಬರುತ್ತಾರೆಂದು ನಾನು ನಂಬಿರಲಿಲ್ಲ. ಜೀಪು ಬಂತು.

ಬೇವಿನ ಮರದ ಕೆಳಗೆ ಅದೇ ಕಂಬಳಿ ಹಾಸಿದ್ದರು. ಸಾಹೇಬರು ಬೂಟು ಬಿಚ್ಚಿದರು. ಕಾಲುಚೀಲದ ಹೆಬ್ಬೆರಳ ಹತ್ತಿರ ತೂತಿತ್ತು. ಅದನ್ನು ಕಂಡು ಯಾರೂ ನಗಲಿಲ್ಲ. ಒಂದು ಕಡೆ ಅವರು, ಎದುರಿಗೆ ಕರಿಯಣ್ಣ, ನಡುವೆ ಸಣ್ಣೀರಪ್ಪ. ನಾವೆಲ್ಲ ಸುತ್ತ ನಿಂತೆವು.

‘ಎಳೆದದ್ದು ದಿಟ,’ ಅಂದ ಕರಿಯಣ್ಣ. ‘ಬೀಳಿಸ್ಬೇಕು ಅಂತ ಎಳೀಲಿಲ್ಲ. ದೇವ್ರು ಕಾಲ ಕೆಳಗೆ ಇತ್ತು, ಕೈ ತಡೀಲಿಲ್ಲ. ಸಾಹೇಬ್ರು ಬಿದ್ದಿದ್ದು ನಂಗೆ ಸಂಕಟ ಆತು.’

‘ನನಗೆ ಗೊತ್ತಿರಲಿಲ್ಲ,’ ಅಂದರು ಸಾಹೇಬರು. ಬೆರಳಿನಿಂದ ಉಣ್ಣೆಯನ್ನು ಕೆದಕಿದರು. ‘ಗೊತ್ತಿದ್ದರೂ ಬಿಚ್ಚುತ್ತಿದ್ದೆನೋ ಇಲ್ಲವೋ, ಹೇಳಲಾರೆ.’

ಗುಂಪಿನಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಅಂಥ ಮಾತು ಅವರ ಬಾಯಿಂದ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

‘ಪಕ್ಕದಲ್ಲಿ ಇದ್ದೋರು ಯಾರು? ಸಾಕ್ಷಿ ಬೇಕು,’ ಅಂದ ಸಣ್ಣೀರಪ್ಪ. ಅಂದವನಿಗೆ ಆಮೇಲೆ ಹೊಳೆಯಿತು. ಪಕ್ಕದಲ್ಲಿದ್ದವರು ಗಂಗಹನುಮಕ್ಕ. ಅವರು ಮರದ ನೆರಳಿನ ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಈ ನ್ಯಾಯವನ್ನೆಲ್ಲ ಕೂಡಿಸಿದವರು ಅವರೇ. ಆದರೆ ಆ ಗದ್ದಿಗೆಯ ಮೇಲೆ ಅವರ ಕೇರಿಯವರು ಅಲ್ಲಿಯವರೆಗೆ ಯಾರೂ ಕೂತಿರಲಿಲ್ಲ.

‘ನಾನು ಇಲ್ಲಿಂದ್ಲೇ ಹೇಳ್ತೀನಿ,’ ಅಂದರು ಅವರು.

ಕರಿಯಣ್ಣ ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕಕ್ಕೆ ಸರಿದ. ತೆರವಾದ ಜಾಗವನ್ನು ಅಂಗೈಯಿಂದ ತಟ್ಟಿದ. ‘ಬಾರಮ್ಮ, ಕೂತ್ಕ. ದಿನಾ ನಮ್ಮ ಗುಂಡಿ ಅಂಚಲ್ಲಿ ಮಣ್ಣಲ್ಲಿ ಕೂತಿದ್ಯಲ್ಲ. ಇವತ್ತು ಇದ್ರ ಮ್ಯಾಲೆ ಕೂತ್ಕ.’

ಸಣ್ಣೀರಪ್ಪ ಮುಖ ತಿರುಗಿಸಿದ. ಬೇಡ ಅನ್ನಲಿಲ್ಲ. ಗಂಗಹನುಮಕ್ಕ ಚಪ್ಪಲಿ ಬಿಟ್ಟು ಬಂದು ಕೂತರು. ಹೆದರಿ ಹೇಳದೇ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಆಮೇಲೆ ಚೀಲದಿಂದ ಕಾಗದ, ಪೆನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ‘ಏನು ಬರೀಲಿ ಸಾರ್?’ ಎಂದು ಕೇಳಿದರು.

ಸಾಹೇಬರು ಆ ಕಾಗದವನ್ನು ನೋಡಿದರು, ಕರಿಯಣ್ಣನನ್ನು ನೋಡಿದರು. ‘ಏನೂ ಬೇಡ,’ ಅಂದರು.

ಕರಿಯಣ್ಣ ಉಳಿದ, ಮಗ್ಗಗಳು ಉಳಿದವು. ಆ ಸಂಜೆ ಗುಂಡಿಗೆ ಇಳಿಯುವ ಮೊದಲು ಕರಿಯಣ್ಣ ಮೇಜಿನ ಹತ್ತಿರ ಹೋಗಿ ಹೂಜಿಯನ್ನು ಬಗ್ಗಿಸಿ ನೀರು ಕುಡಿದ. ಅವನೊಬ್ಬನೇ ಕುಡಿದ. ಮಾರನೆಯ ದಿನ ಸಣ್ಣೀರಪ್ಪನ ಮನೆಯ ಮುಂದೆ ಆ ಕಂಬಳಿ ತೊಳೆದು ಒಣಹಾಕಿದ್ದನ್ನು ಕಂಡು ನನ್ನ ಮೈ ಉರಿದುಹೋಯಿತು. ‘ನೋಡಿದಿರಾ ಅಕ್ಕ, ತೊಳೆದಿದ್ದಾರೆ! ಅವರ ಬಾಯಿಗೆ ಮಣ್ಣು ಹಾಕ!’ ಎಂದು ಕೂಗಾಡಿದೆ.

ಗಂಗಹನುಮಕ್ಕನ ಮುಖ ಕಪ್ಪಿಟ್ಟಿತು. ನೋವಾಗಲಿಲ್ಲ ಅಂತ ನಾನು ಹೇಳಲಾರೆ. ಆದರೂ ಹೇಳಿದರು: ‘ತೊಳೀಲಿ ಬುಡು. ಕೂತಿದ್ದು ತೊಳೆದ್ರೆ ಹೋಗಾಕಿಲ್ಲ.’ ಎಂದಿನಂತೆ ಎದ್ದು, ಮೊದಲು ಸಣ್ಣೀರಪ್ಪನ ಗುಂಡಿಯ ಅಂಚಿಗೇ ಹೋಗಿ ಕೂತರು.

ಗತ್ತು ಸಾಲದು ಅಂದುಕೊಂಡಿದ್ದೆನಲ್ಲ, ಅದಕ್ಕಿಂತ ದೊಡ್ಡ ಗತ್ತನ್ನು ನಾನು ಈವರೆಗೆ ಕಂಡಿಲ್ಲ.

ಆಮೇಲೆ ವರ್ಷಗಳು ಹೋದವು. ಊರ ಕಡೆಗೆ ವರ್ಗ ಮಾಡಿ ಅಂತ ನಾನು ಬಂದ ಹೊಸದರಲ್ಲೇ ಅರ್ಜಿ ಹಾಕಿದ್ದೆ. ಅದು ಮಂಜೂರಾಗಿ ಬಂದಾಗ ನಾನೇ ಬೇಡ ಅಂದೆ. ಈರಮ್ಮ ನನ್ನ ಬಾಯಿಂದ ‘ಬಂದ್ಬುಟ್ಟೆ’ ಕೇಳಿ ನಗುವುದನ್ನೂ ಬಿಟ್ಟಿದ್ದಳು. ಗಂಗಹನುಮಕ್ಕ ನಿವೃತ್ತರಾಗಿ ಕೊರಟಗೆರೆ ಕಡೆಯ ತಮ್ಮ ಹಳ್ಳಿಗೆ ಹೋದರು. ಕೇಂದ್ರದಲ್ಲಿ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ, ಯಾರ ಮಗನಿಗೆ ಕೆಲಸ ಸಿಕ್ಕರೂ, ಆ ಮನೆಯವರು ಬಸ್ಸು ಹತ್ತಿ ಹೋಗಿ ಗಂಗಹನುಮಕ್ಕನಿಗೆ ಹೇಳಿ ಬರುತ್ತಾರೆ. ಸಣ್ಣೀರಪ್ಪನೂ ಹೋಗುತ್ತಾನೆ. ಜಗಲಿಯಲ್ಲೇ ಕೂರುತ್ತಾನೆ, ಆದರೆ ಹೋಗುತ್ತಾನೆ.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ನಾನು ಊರಿಗೆ ಹೊರಟಾಗ ಕರಿಯಣ್ಣ ತಾನೇ ನೇಯ್ದ ಒಂದು ಕರಿಕಂಬಳಿ ಕೊಟ್ಟ, ‘ನಿಮ್ಮಪ್ಪಂಗೆ’ ಎಂದು. ಅಪ್ಪಯ್ಯ ಆಗ ನನ್ನ ತಮ್ಮನ ಸಂಸಾರದ ಜೊತೆ ಇದ್ದರು. ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಮನೆ ತುಂಬ ಮಕ್ಕಳಿದ್ದರೂ ಇಡೀ ದಿನ ಗೇಟಿನ ಕಡೆ ನೋಡುತ್ತಾ ಕೂತಿರುತ್ತಾರೆ ಎಂದು ನಾದಿನಿ ಹೇಳಿದಳು.

ಹೊರಗೆ ಹಂಚಿನ ಮೇಲೆ ಧೋ ಎಂದು ಮಳೆ. ನಾನು ಚಾವಡಿಯಲ್ಲಿ ಕಂಬಳಿ ಹಾಸಿದೆ. ಅಪ್ಪಯ್ಯ ಎದ್ದು ಬಂದು ನೋಡುತ್ತಾ, ಹವಾಯಿ ಚಪ್ಪಲಿಯ ಕಾಲನ್ನು ಅದರ ಮೇಲೆ ಇಡಲು ಹೊರಟರು.

‘ಚಪ್ಲಿ ಆಚೆ ಬುಡಪ್ಪಯ್ಯ!’ ಎಂದು ಕಿರುಚಿದೆ.

ಹುಟ್ಟಿದಂದಿನಿಂದ ಆ ಮೇಸ್ತ್ರಿಯ ಮೇಲೆ ಯಾರೂ ಹಾಗೆ ಕಿರುಚಿರಲಿಲ್ಲ. ಅವರು ಬೆಚ್ಚಿ ಚಪ್ಪಲಿ ಬಿಟ್ಟರು. ‘ಎಂತ ಹೆಣೆ, ಇದ್ಯಾರ್ ಭಾಷಿ?’ ಅಂದರು. ಮೆಲ್ಲಗೆ ಕೂತರು. ಸರಿದು ನನಗೂ ಜಾಗ ಮಾಡಿದರು. ಗದ್ದಿಗೆಯ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ ಎಂಬುದರಿಂದ ಸುರು ಮಾಡಿ, ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ.

‘ಆ ಅಮ್ಮನ್ನ ಕಾಂಬುಕೆ ಈಗ್ಲೂ ಜನ ಬತ್ರಾ?’

‘ಬರ್ತಾರೆ ಅಪ್ಪಯ್ಯ.’

‘ಕಾರ್ಖಾನಿ ಇಲ್ಲೇ ಇತ್ತ್. ನನ್ನ ಕಾಂಬುಕೆ ಯಾರೂ ಬರ್ಲಿಲ್ಲ.’ ಮಳೆಯ ಕಡೆ ನೋಡಿದರು. ‘ಇನ್ನಾದ್ರೂ ಬತ್ರು ಅಂತ ನಿಂಗೆ ಕಾಣತ್ತಾ?’

ಬೇರೆಲ್ಲಾದರೂ ಆಗಿದ್ದರೆ ಬರುತ್ತಾರೆ ಬಿಡಿ ಅಂದುಬಿಡುತ್ತಿದ್ದೆ. ನನ್ನ ಅಂಗೈ ಉಣ್ಣೆಯ ಮೇಲಿತ್ತು. ಕೂತಿದ್ದು ಕರಿಯಣ್ಣನ ಕಂಬಳಿಯ ಮೇಲೆ.

‘ನಾನು ಬಂದಿದೀನಲ್ಲ ಅಪ್ಪಯ್ಯ.’

‘ಬಂದಿದ್ಯೆ. ಮತ್ತೆ ಹೋತ್ಯಲ್ಲ.’

‘ಹೂಂ,’ ಅಂದೆ. ‘ಹೋಗ್ತೀನಿ.’

ಅಪ್ಪಯ್ಯ ಕಂಬಳಿಯ ಅಂಚನ್ನು ಸವರಿದರು.

‘ನೀ ವಾಪಾಸ್ ಹೋಪತಿಗೆ ಆ ಅಮ್ಮಂಗೆ ಒಣ ಸಿಗಡಿ ಚಟ್ನಿ ತಕಂಡ್ ಹೋಗ್,’ ಅಂದರು. ‘ಉಪ್ಪ್ ಕಡಿಮಿ ಹಾಕುಕೆ ನಿನ್ನಮ್ಮನ ಹತ್ರ ಹೇಳ್ತೆ.’